ದೋಣಿಯಲ್ಲಿ ಎಲ್ಲ ಪಾತ್ರೆಗೂ ಜಾಗವಾಯಿತು

ಆ ದೋಣಿಯ ಅಡುಗೆಮನೆಯನ್ನು ನಾನು ಮೊದಲು ಕಂಡದ್ದು ನಮ್ಮ ಅಂಗಡಿಯ ನೆಲದ ಮೇಲೆ, ಸೀಮೆಸುಣ್ಣದ ಗೆರೆಗಳಲ್ಲಿ. ಮದರಾಸಿನ ವೆಸ್ಟ್ ಮಾಂಬಲಂ ಸ್ಟೇಷನ್ ಹತ್ತಿರದ ಗಲ್ಲಿಯಲ್ಲಿ ನಮ್ಮದು ಪಾತ್ರೆ ಅಂಗಡಿ. ದೀಪಾವಳಿಯ ಗದ್ದಲ ಮುಗಿದು ಮಳೆ ಹಿಡಿದುಕೊಂಡಿತ್ತು. ಗಿರಾಕಿಗಳಿಲ್ಲದೆ ಕುಕ್ಕರಿನ ಮುಚ್ಚಳಗಳ ಧೂಳು ಒರೆಸುತ್ತ ಕೂತಿದ್ದ ಒಂದು ಮಧ್ಯಾಹ್ನ ಹಿರಿಯರೊಬ್ಬರು ಒದ್ದೆ ಛತ್ರಿ ಮಡಿಸಿಕೊಂಡು ಒಳಗೆ ಬಂದರು. ನಾನು ಫೋನಿನಲ್ಲಿ ಯಾರೊಡನೆಯೋ ಆಡುತ್ತಿದ್ದ ಕನ್ನಡ ಕೇಳಿ, "ಓ, ನಮ್ಮವರೇ" ಎಂದು ಕೂತರು. ಹಡಗಿನ ಎಂಜಿನಿಯರ್ ಆಗಿದ್ದು ನಿವೃತ್ತರಾದವರು, ಪಕ್ಕದ ಬೀದಿಯ ಫ್ಲಾಟಿನಲ್ಲೇ ವಾಸ. ಒಂದು ಹಳೆಯ ಹಾಯಿದೋಣಿ ಕೊಂಡಿದ್ದರು. ಕಾಸಿಮೇಡಿನ ಮೀನು ಬಂದರಿನಲ್ಲಿ ಅದರ ರಿಪೇರಿ ನಡೆಯುತ್ತಿತ್ತು. ಹೆಂಡತಿಯನ್ನು ಅದರಲ್ಲಿ ಕರೆದುಕೊಂಡು, ಕರಾವಳಿಯ ಅಂಚು ಹಿಡಿದು, ರಾಮೇಶ್ವರ ದಾಟಿ ಮಲ್ಪೆಗೆ ಹೋಗಿ ಇಳಿದು, ಉಡುಪಿ ಕೃಷ್ಣನ ದರ್ಶನ ಮಾಡಬೇಕು ಎನ್ನುವುದು ಅವರ ಆಸೆ.

"ಕೃಷ್ಣನೇ ಹಡಗಲ್ಲಿ ಬಂದೋನಲ್ವೇನಮ್ಮಾ? ನಾವು ಬಸ್ಸಲ್ಲಿ ಹೋಗಿ ನಿಂತ್ರೆ ಅವನಿಗೇನು ಮರ್ಯಾದೆ?" ಎಂದು ನಕ್ಕರು.

ನಗು ಮುಗಿದ ಮೇಲೆ ವಿಷಯಕ್ಕೆ ಬಂದರು. "ಲೈಫ್ ಪೂರ್ತಿ ನಾನು ಕಡಲಲ್ಲಿ, ಅವಳು ಮಾಂಬಲದಲ್ಲಿ. ಮಕ್ಕಳು ಹುಟ್ಟಿದಾಗಲೂ ನಾನು ಪಕ್ಕದಲ್ಲಿರಲಿಲ್ಲ. ಇನ್ಮೇಲಾದ್ರೂ ಒಟ್ಟಿಗಿರೋಣ ಅಂತ ಈ ದೋಣಿ. ಅವಳು ಬರಲ್ಲ ಅಂತೇನೂ ಅನ್ನಲ್ಲ. ಆದ್ರೆ ಅಡುಗೆ ಹೇಗೆ, ಅಡುಗೆ ಹೇಗೆ ಅಂತ ಒಂದೇ ಮಾತು. ಮಡಿ ಅಡುಗೆ ನೋಡಿ ಅವಳದು. ಅದೊಂದು ಸರಿಹೋದ್ರೆ ಹೊರಟ ಹಾಗೇ."

ಹೀಗೆ, ಅವರಿಬ್ಬರೂ ಒಟ್ಟಿಗೆ ಹೊರಡುವುದು ನನ್ನ ಪಾತ್ರೆಗಳ ಮೇಲೆ ನಿಂತಿತು. ನನಗೆ ಹೆಮ್ಮೆಯಾಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ವರ್ಷವಿಡೀ ಮದುವೆಗೆ ಉಡುಗೊರೆ ಡಬ್ಬಿ, ಗೃಹಪ್ರವೇಶಕ್ಕೆ ಹಾಲುಕ್ಕಿಸುವ ಪಾತ್ರೆ ಮಾರಿ ಮಾರಿ ಕೈ ಜಡ್ಡುಗಟ್ಟಿತ್ತು. ಅವರು ಸೀಮೆಸುಣ್ಣ ಕೇಳಿ ನೆಲದ ಮೇಲೆ ಗೆರೆ ಎಳೆದರು. ಇದು ಒಲೆ, ಇದು ತೊಳೆಯುವ ತೊಟ್ಟಿ, ಇದು ಮೆಟ್ಟಿಲ ಕೆಳಗಿನ ಕಪಾಟು. ನಾನು ಆ ಗೆರೆಗಳ ನಡುವೆ ನಿಂತು ಒಂದು ಸುತ್ತು ತಿರುಗಿದೆ. ಎರಡೂ ಮೊಣಕೈ ಗೆರೆಯಾಚೆ ಹೋದವು.

ಮಾರನೆಯ ದಿನ ಅವರ ಹೆಂಡತಿ ಬಂದರು. ನಾನು ಅವರನ್ನು ಮಾಮಿ ಎಂದೇ ಕರೆದೆ; ಮಾಂಬಲದಲ್ಲಿ ಆ ವಯಸ್ಸಿನವರೆಲ್ಲ, ಮನೆಯಲ್ಲಿ ಯಾವ ಭಾಷೆಯಾಡಲಿ, ಮಾಮಿಯರೇ. ಮೃದು ಮಾತಿನ ಹೆಂಗಸು. ಗೆರೆಯೊಳಗೆ ಕಾಲಿಡದೆ ಆಚೆಯೇ ನಿಂತು ನೋಡಿದರು.

"ಇಷ್ಟೇನಾ? ನಮ್ಮನೆ ದೇವರ ಗೂಡೇ ಇದಕ್ಕಿಂತ ದೊಡ್ಡದಿದೆಯಮ್ಮ."

"ಸಣ್ಣದಾದ್ರೇನು ಮಾಮಿ, ಒಂದರೊಳಗೊಂದು ಕೂರೋ ಪಾತ್ರೆ ಕೊಡ್ತೀನಿ. ಎಲ್ಲಾ ಒಂದೇ ಕೊಳಗದೊಳಗೆ ಅಡಗುತ್ತೆ" ಎಂದು ಅಲ್ಲೇ ಒಂದು ಸೆಟ್ಟು ತೆಗೆದು ತೋರಿಸಿದೆ.

"ಅನ್ನದ ಪಾತ್ರೆಯೊಳಗೆ ಹಾಲಿನ ಪಾತ್ರೆನಾ? ಅದ್ಹೇಗಾಗತ್ತೆ?"

ಕೇಳಬೇಕಾದ ಪ್ರಶ್ನೆಯೇ. ಅನ್ನ ಬೆಂದ ಪಾತ್ರೆ ಮುಸುರೆ. ಹಾಲು, ಮೊಸರು, ಉಪ್ಪಿನಕಾಯಿಯ ಪಾತ್ರೆಗೆ ಅದನ್ನು ತಾಗಿಸುವಂತಿಲ್ಲ. ನಮ್ಮ ಮನೆಯಲ್ಲೂ ಅತ್ತೆ ಇರುವವರೆಗೆ ಹಾಗೇ ನಡೆದಿತ್ತು. ದೋಣಿಗೆಂದು ಮಾರಾಟವಾಗುವ ಜೋಡಣೆ ಪಾತ್ರೆಗಳನ್ನು ಮಾಡಿದ ಪುಣ್ಯಾತ್ಮರಿಗೆ ಮುಸುರೆಯ ಗಂಧವೇ ಇಲ್ಲ. ನಾನು ಎರಡು ಗುಂಪು ಮಾಡಿದೆ. ಅನ್ನ, ಹುಳಿ, ಪಲ್ಯದ್ದು ಒಲೆಯ ಕೆಳಗೆ. ಹಾಲು, ಮೊಸರಿನದು ಎದುರು ಗೋಡೆಯ ಮೆಟ್ಟಿಲ ಕಪಾಟಿನಲ್ಲಿ. ಎರಡಕ್ಕೂ ಒಂದನ್ನೊಂದು ಮುಟ್ಟುವ ದಾರಿಯೇ ಇರಲಿಲ್ಲ.

ಮಾಮಿ ಎರಡೂ ಗುಂಪು ನೋಡಿ, "ಕುಕ್ಕರು ಮಡಿಗೆ ಆಗಲ್ಲ. ರಬ್ಬರು ಅದು" ಎಂದರು.

ಅದೂ ಸರಿಯೇ. ದೋಣಿಗೆ ಕುಕ್ಕರು ಹೇಳಿ ಮಾಡಿಸಿದ್ದು. ಬಿದ್ದರೂ ಒಳಗಿನದು ಚೆಲ್ಲುವುದಿಲ್ಲ. ಅದು ಬೇಡವೆಂದ ಮೇಲೆ ರಬ್ಬರಿಲ್ಲದೆ ಬಿಗಿಯಾಗಿ ಕೂರುವ ಮುಚ್ಚಳ ಬೇಕು. ಮಾಮಿಯ ಮನೆಯ ಹಿತ್ತಾಳೆ ಕೊಳಗ ತರಬಹುದಿತ್ತು, ಆದರೆ ಕಡಲ ಗಾಳಿಗೆ ಅದು ವಾರದಲ್ಲಿ ಹಸಿರಾಗುತ್ತದೆ. ಅಲ್ಯುಮಿನಿಯಂ ಉಪ್ಪಿಗೆ ತೂತು ಬೀಳುತ್ತದೆ. ಸ್ಟೀಲಿನಲ್ಲೂ ಎಲ್ಲವೂ ಆಗದು. ಅಯಸ್ಕಾಂತ ಬಿಗಿಯಾಗಿ ಕಚ್ಚುವಂಥ ಸ್ಟೀಲಿಗೆ ಅಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ. ಅಯಸ್ಕಾಂತ ಹಿಡಿದುಕೊಂಡು ನನ್ನದೇ ಗೋದಾಮನ್ನು ಜಾಲಾಡಿದೆ. ಆಮೇಲೆ ಕ್ರೋಂಪೇಟೆಯಲ್ಲಿ ನಮಗೆ ಪಾತ್ರೆ ಮಾಡಿಕೊಡುವ ಶೆಡ್ಡಿಗೆ ಲೋಕಲ್ ಟ್ರೈನಿನಲ್ಲಿ ಹೋಗಿ, ದಪ್ಪ ತಳದ, ನೆಟ್ಟಗೆ ನಿಂತ ಗೋಡೆಯ ಪಾತ್ರೆಗಳನ್ನು ಹೊಸದಾಗಿ ಮಾಡಿಸಿದೆ. ಎತ್ತರ ಬೇಕಿದ್ದಕ್ಕಿಂತ ಒಂದೂವರೆ ಪಾಲು, ಏಕೆಂದರೆ ದೋಣಿಯಲ್ಲಿ ಪಾತ್ರೆಯನ್ನು ಅರ್ಧ ತುಂಬಿಸಿದರೇ ಕ್ಷೇಮ. ಕಿವಿಗಳಿಗೆ ಕೊಂಡಿ, ಮುಚ್ಚಳಕ್ಕೆ ಚಿಲಕ.

ಮೊದಲ ಸೆಟ್ಟು ಕೈಕೊಟ್ಟಿತು. ಅಳತೆ ಬಿಗಿಯಾಗಿ ಹಿಡಿದಿದ್ದೆ. ತೊಳೆದು ಒಂದರೊಳಗೊಂದು ಇಟ್ಟವು ತೇವಕ್ಕೆ ಕಚ್ಚಿಕೊಂಡು ಎಷ್ಟು ಎಳೆದರೂ ಬರಲಿಲ್ಲ. ಬಿಸಿನೀರು ಸುರಿದು, ಬಡಿದು, ಕೊನೆಗೆ ಒಂದರ ಅಂಚೇ ನೆಗ್ಗಿತು. ಮಾಮಿ ಅದನ್ನು ಕಂಡು, "ಪಾವಂ, ಪಾಪ, ಎಷ್ಟು ಕಷ್ಟ ಪಡ್ತೀರಿ. ಆಗಲ್ಲ ಅನ್ಸಿದ್ರೆ ಬಿಟ್ಬಿಡಿ ಅಮ್ಮ, ನಾನೇನೂ ಅಂದ್ಕೊಳಲ್ಲ" ಎಂದರು. ಅಂಗಡಿಯವಳ ಮೇಲಿನ ಕರುಣೆ ಎಂದುಕೊಂಡೆ. ಬಿಟ್ಟುಬಿಡಿ ಎಂದರೆ ಇನ್ನಷ್ಟು ಬಿಗಿಯಾಗಿ ಹಿಡಿಯುವ ಬುದ್ಧಿ ನನ್ನದು. ಬಾಯಿ ತುಸು ಅಗಲವಾಗಿ ತಳ ತುಸು ಕಿರಿದಾಗುವಂತೆ ತಿದ್ದಿಸಿ, ಎರಡನೆಯ ಸೆಟ್ಟು ಮಾಡಿಸಿದೆ. ಅದು ಸರಾಗವಾಗಿ ಬಂದಿತು.

ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಮೂವರೂ ಕಾಸಿಮೇಡಿಗೆ ಹೋದೆವು. ಮೀನಿನ ಹರಾಜು ಮುಗಿದಿತ್ತು. ನೆಲವೆಲ್ಲ ಮೀನಿನ ನೀರು, ಐಸಿನ ಚೂರು. ಮಡಿಯ ಮಾಮಿ ಇಲ್ಲಿಂದಲೇ ಹಿಂದೆ ತಿರುಗುತ್ತಾರೆ ಎಂದು ನಾನು ಮನಸ್ಸಿನಲ್ಲೇ ತಯಾರಾಗಿದ್ದೆ. ಅವರು ಸೀರೆ ತುಸು ಎತ್ತಿ ಹಿಡಿದು ಸುಮ್ಮನೆ ನಡೆದರು. ವಾಸನೆಯ ಬಗ್ಗೆ ಚಕಾರ ಎತ್ತಲಿಲ್ಲ. ಮೀನಿನ ಬುಟ್ಟಿಗಳ ನಡುವೆ ನಡೆಯುವುದಕ್ಕೆ ಅಡ್ಡಬರದ ಮಡಿ ಒಂದು ಹಾಲಿನ ಪಾತ್ರೆಗೆ ಯಾಕೆ ಅಡ್ಡಬರುತ್ತದೆ ಎಂದು ನಾನು ಅಲ್ಲೇ ಕೇಳಿಕೊಳ್ಳಬೇಕಿತ್ತು. ನನ್ನ ಕಣ್ಣು ಆಗಲೇ ದೋಣಿಯ ಒಲೆಯ ಮೇಲಿತ್ತು.

ಆ ಒಲೆ ಚೆನ್ನಾಗಿತ್ತು. ಎರಡು ಗೂಟಗಳ ಮೇಲೆ ತೊಟ್ಟಿಲಿನ ಹಾಗೆ ತೂಗುತ್ತದೆ. ದೋಣಿ ಎತ್ತ ವಾಲಿದರೂ ಪಾತ್ರೆ ಮಟ್ಟಸ. ಎಂಜಿನಿಯರು ದೋಣಿಯನ್ನು ಬಂದರಿನ ಬಾಯಿಯವರೆಗೆ ಬಿಟ್ಟರು. ಅಲೆ ತಾಗುತ್ತಿದ್ದಂತೆ ಮಾಮಿ ಒಲೆಯ ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದರು. ಬೆರಳ ಗೆಣ್ಣುಗಳು ಬಿಳಿಚಿದ್ದವು. ನಾನಿಟ್ಟ ಅನ್ನ ಕುದಿಯುತ್ತಿತ್ತು, ಚಿಲಕದ ಮುಚ್ಚಳ ಒಂದು ಹನಿಯನ್ನೂ ಬಿಡಲಿಲ್ಲ, ನಾನು ಖುಷಿಯಲ್ಲಿದ್ದೆ.

"ಮಾಮಿ, ಒಂದ್ಸಲ ಕೈಯಾಡಿಸಿ ನೋಡಿ" ಎಂದು ಸೌಟು ಚಾಚಿದೆ.

"ಕೈ ಎಲ್ಲಿದೆಯಮ್ಮ ನನಗೆ?" ಎಂದರು. ಕಂಬಿ ಬಿಡಲಿಲ್ಲ.

ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುವ ಗಾದೆ ಯಾರಿಗಾದರೂ ಆಗ ನೆನಪಾಗಬೇಕಿತ್ತು. ನನಗೆ ನೆನಪಾಗಲಿಲ್ಲ, ಏಕೆಂದರೆ ನೆಲ ನಿಜವಾಗಿಯೂ ಡೊಂಕಾಗಿತ್ತು. ಅವರ ಹೆದರಿಕೆಯನ್ನು ನಾನು ಅಳತೆಯ ಸಮಸ್ಯೆ ಮಾಡಿಕೊಂಡೆ: ಅಡುಗೆ ಮಾಡುವವಳಿಗೆ ಎರಡೂ ಕೈ ಬಿಡುವಾಗಬೇಕು. ಹಾಗಿದ್ದರೆ ಮೈಯನ್ನು ಬೇರೇನಾದರೂ ಹಿಡಿದಿರಬೇಕು. ದಪ್ಪ ನೂಲಿನ ಅಗಲ ಪಟ್ಟಿಯೊಂದನ್ನು ಹೊಲಿಸಿ, ಎರಡು ತುದಿಗೂ ಕೊಕ್ಕೆ ಹಾಕಿಸಿ, ಒಲೆಯ ಎರಡು ಬದಿಯ ಮರಕ್ಕೆ ಆ ಕೊಕ್ಕೆ ಸಿಕ್ಕಿಸುವ ಬಳೆ ಹೊಡೆಸಿದೆ. ಮುಂದಿನ ಸಲ ನಾನೇ ಅದನ್ನು ಮಾಮಿಯ ಸೊಂಟದ ಹಿಂದಿನಿಂದ ತಂದು ಬಿಗಿದೆ. ದೋಣಿ ವಾಲಿತು, ಪಟ್ಟಿ ಅವರನ್ನು ಹಿಡಿದುಕೊಂಡಿತು, ಎರಡೂ ಕೈ ಖಾಲಿಯಾದವು. ಎಂಜಿನಿಯರು ಚಪ್ಪಾಳೆ ತಟ್ಟಿದರು. ಆ ಪಟ್ಟಿ ನೆನಪಾದರೆ ಈಗಲೂ ನನಗೆ ಸಂಕಟವಾಗುತ್ತದೆ.

ಉಳಿದದ್ದು ಸಾರು. ಪೊಂಗಲ್ ಹತ್ತಿರ ಬಂದಿತ್ತು. ಆ ಹಬ್ಬ ಕಳೆದ ಮೇಲೆ ಕಡಲು ಶಾಂತವಾಗುತ್ತದೆ, ಆಗ ಹೊರಡುವುದೆಂದು ಎಂಜಿನಿಯರು ಗೊತ್ತುಮಾಡಿದ್ದರು. ಮಾಮಿ ಒಬ್ಬರೇ ಅಂಗಡಿಗೆ ಬಂದು, ಮಾಡಿಸಿದ ಪಾತ್ರೆಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿ, ಕೊನೆಗೆ ಹೇಳಿದರು.

"ಸಾರು ಮಾತ್ರ ಈಯಚೊಂಬಲ್ಲೇ ಆಗಬೇಕು. ಸ್ಟೀಲಲ್ಲಿ ಮಾಡಿದ ಸಾರು ನನಗೆ ಇಳಿಯಲ್ಲ, ಅವರಿಗೂ ಬಡಿಸೋಕೆ ಮನಸ್ಸು ಬರಲ್ಲ. ಅದಿಲ್ಲ ಅಂದ್ರೆ ನಾನು ಬರೋದು ಕಷ್ಟವಮ್ಮ."

ಈಯಚೊಂಬೆಂದರೆ ತವರದ ಪಾತ್ರೆ. ಮದರಾಸಿನ ಹಳೆಯ ಮನೆಗಳಲ್ಲೆಲ್ಲ ಸಾರು ಅದರಲ್ಲೇ. ರುಚಿ ನಿಜಕ್ಕೂ ಬೇರೆ. ಆದರೆ ಒಳಗೆ ನೀರಿಲ್ಲದೆ ಒಲೆಯ ಮೇಲಿಟ್ಟರೆ ಕರಗಿ ಹರಿದುಹೋಗುತ್ತದೆ. ಮದುವೆಯಾದ ಹೊಸತರಲ್ಲಿ ಒಂದನ್ನಾದರೂ ಕರಗಿಸದ ಸೊಸೆ ಈ ಊರಿನಲ್ಲಿಲ್ಲ. ಮನೆಯಲ್ಲೇ ಹೀಗೆ, ಕುಲುಕುವ ದೋಣಿಯಲ್ಲಿ ಸಾರು ಒಂದು ಬದಿಗೆ ಸರಿದರೆ ಇನ್ನೊಂದು ಬದಿಯ ಗೋಡೆ ಬೆಂಕಿಗೆ ಬರಿದಾಗಿ ನಿಲ್ಲುತ್ತದೆ. ತವರ ಇಳಿದರೆ ಕುದಿಯುವ ಸಾರು ಕಾಲ ಮೇಲೆ.

ಆ ಸಂಜೆ ಎಂಜಿನಿಯರು ಬಂದಾಗ ವಿಷಯ ತಿಳಿಸಿದೆ. "ಇದು ಆಗಲ್ಲ ಅಂತ ನನಗೂ ಗೊತ್ತು. ಬಿಡಿ ಅಮ್ಮ. ಅವಳನ್ನ ಬಲವಂತ ಮಾಡಿ ಕರ್ಕೊಂಡು ಹೋಗೋದು ನನಗಿಷ್ಟ ಇಲ್ಲ. ದೋಣಿ ಅಲ್ಲೇ ಇರಲಿ, ಭಾನುವಾರ ಹೋಗಿ ಕೂತು ಬರ್ತೀನಿ" ಎಂದರು. ಒಳ್ಳೆಯ ಮನುಷ್ಯ. ಅವತ್ತು ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು.

"ನಾಳೆವರೆಗೆ ಟೈಮ್ ಕೊಡಿ ಸಾರ್" ಎಂದೆ.

ಉಪಾಯ ಹೊಳೆದದ್ದು ಮನೆಯಲ್ಲಿ ಇಡ್ಲಿ ಇಳಿಸುವಾಗ. ಕುದಿಯುವ ನೀರಿನೊಳಗೆ ಕೂತ ಪಾತ್ರೆ ನೀರಿಗಿಂತ ಬಿಸಿಯಾಗುವುದಿಲ್ಲ. ತವರ ಕರಗಲು ಅದಕ್ಕಿಂತ ಎಷ್ಟೋ ಹೆಚ್ಚು ಶಾಖ ಬೇಕು. ಅಂದ ಮೇಲೆ ಈಯಚೊಂಬು ಬೆಂಕಿಯನ್ನು ಕಾಣಲೇಬಾರದು. ಒಂದು ಸ್ಟೀಲ್ ಪಾತ್ರೆಯ ಬಾಯಿಗೆ ಸರಿಯಾಗಿ ಒಂದು ಬಳೆ ಕೂರಿಸಿ, ಆ ಬಳೆಯೊಳಗೆ ಚೊಂಬಿನ ಕುತ್ತಿಗೆ ಸಿಕ್ಕಿಕೊಳ್ಳುವಂತೆ ಮಾಡಿಸಿದೆ. ಕೆಳಗೆ ನೀರು, ನಡುವೆ ಚೊಂಬು, ಮೇಲೆ ಚಿಲಕದ ಮುಚ್ಚಳ. ಬೇಳೆ ಮೊದಲೇ ಬೆಂದಿದ್ದರೆ ಸಾರು ನಿಧಾನವಾಗಿ ಕಾದು ಪರಿಮಳ ಬಿಡುತ್ತಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಲೆಯ ಕೆಳಗೆ ಹಲಗೆ ಕೊಟ್ಟು ಓರೆಮಾಡಿ, ಕುಲುಕಿ, ಒಮ್ಮೆ ಬೇಕೆಂದೇ ಚೊಂಬನ್ನು ಖಾಲಿಯಾಗಿಟ್ಟೂ ನೋಡಿದೆ. ಚೊಂಬಿಗೆ ಏನೂ ಆಗಲಿಲ್ಲ.

ಮಾಮಿಯನ್ನು ಕರೆದು ಅದರಲ್ಲಿ ಮಾಡಿದ ಸಾರನ್ನು ಲೋಟದಲ್ಲಿ ಕೊಟ್ಟೆ. ಎಂಜಿನಿಯರು ಪಕ್ಕದಲ್ಲೇ ಇದ್ದರು. ಮಾಮಿ ಕುಡಿದು ಲೋಟ ಕೆಳಗಿಟ್ಟರು.

"ಚೆನ್ನಾಗಿದೆ" ಎಂದರು. ಆಮೇಲೆ ನನ್ನನ್ನೇ ನೋಡುತ್ತ, "ಎಷ್ಟು ಯೋಚನೆ ಮಾಡಿದೀರಮ್ಮ. ಇನ್ನು ನಾನು ಹೇಳೋಕೆ ಏನೂ ಉಳಿದಿಲ್ಲ" ಎಂದರು.

ಹೊಗಳಿಕೆ ಎಂದುಕೊಂಡೆ.

ಪೊಂಗಲ್ ಕಳೆದ ವಾರ ಅವರು ಹೊರಟರು. ಜೊತೆಗೆ ಕಾಸಿಮೇಡಿನ ಅನುಭವಸ್ಥ ಮೀನುಗಾರರೊಬ್ಬರು ಕೈಯಾಳಾಗಿ ಇದ್ದರು. ನಾನು ಹೂವು ತೆಗೆದುಕೊಂಡು ಹೋಗಿದ್ದೆ. ಮಾಮಿ ಮುಡಿದುಕೊಂಡು, ನನ್ನ ಕೈ ಒತ್ತಿ, ದೋಣಿಯ ಒಳಗೆ ಇಳಿದರು. ಎಂಜಿನಿಯರು ಮೇಲೆ ನಿಂತು ಕೈಬೀಸುತ್ತಲೇ ಇದ್ದರು. ಅಷ್ಟು ಸಂತೋಷದಲ್ಲಿದ್ದ ಗಂಡಸನ್ನು ನಾನು ನೋಡಿದ್ದು ಕಡಿಮೆ. ಮನೆಗೆ ಬಂದು ಗಂಡನ ಹತ್ತಿರ, ಒಂದು ಸಂಸಾರವನ್ನು ಒಟ್ಟುಮಾಡಿದೆ ನೋಡಿ ಎಂದು ಕೊಚ್ಚಿಕೊಂಡೆ. ಅವರು ಪೇಪರಿನಿಂದ ತಲೆ ಎತ್ತದೆ, "ಸಂಸಾರಕ್ಕೂ ಹತ್ತು ಪರ್ಸೆಂಟ್ ಡಿಸ್ಕೌಂಟ್ ಕೊಟ್ಯಾ?" ಎಂದು ಕಿಚಾಯಿಸಿದರು.

ಪುದುಚೇರಿ ದಾಟಿದ ಮೇಲೆ ಎಂಜಿನಿಯರ ಫೋನು ಬರುವುದು ನಿಂತಿತು. ನಂತರ ಬಂದದ್ದು ನಾಗಪಟ್ಟಣದ ಆಸ್ಪತ್ರೆಯಿಂದ. ಹೊರಟ ದಿನದಿಂದ ಮಾಮಿಯ ಹೊಟ್ಟೆಯಲ್ಲಿ ಏನೂ ನಿಂತಿರಲಿಲ್ಲ. ಆದರೂ ಹೊತ್ತುಹೊತ್ತಿಗೆ ಎದ್ದು, ಪಟ್ಟಿ ಬಿಗಿದುಕೊಂಡು, ಅನ್ನ ಸಾರು ಮಾಡಿ ಬಡಿಸಿದ್ದರು. ಸ್ವಲ್ಪ ತಲೆ ಸುತ್ತು, ಅಭ್ಯಾಸವಾಗತ್ತೆ ಎನ್ನುತ್ತಿದ್ದರಂತೆ. ಒಂದು ಮಧ್ಯಾಹ್ನ ಎಂಜಿನಿಯರು ಊಟಕ್ಕೆಂದು ಕೆಳಗಿಳಿದಾಗ ಅವರು ಎಚ್ಚರ ತಪ್ಪಿ, ಪಟ್ಟಿಯಲ್ಲೇ ಜೋತುಬಿದ್ದಿದ್ದರು. ಒಲೆ ಉರಿಯುತ್ತಿತ್ತು. ಪಾತ್ರೆಗಳು ಒಂದೂ ಕದಲಿರಲಿಲ್ಲ.

ಮೈಯ ನೀರೆಲ್ಲ ಬತ್ತಿ ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು. ಆಸ್ಪತ್ರೆಯಿಂದ ಕಾರಿನಲ್ಲಿ ಮಲಗಿಸಿಕೊಂಡೇ ಮಾಂಬಲಕ್ಕೆ ಕರೆತಂದರು. ಬದುಕಿಕೊಂಡರು, ಆದರೆ ಮೊದಲಿನ ಹಾಗಾಗಲಿಲ್ಲ. ನಾನು ನೋಡಲು ಹೋದಾಗ ಅವರ ತಂಗಿ ಬಾಗಿಲಲ್ಲೇ, ಮಲಗಿದಾರೆ ಎಂದು ಕಳಿಸಿದರು.

ಮಾಮಿ ತಾವಾಗಿಯೇ ಅಂಗಡಿಗೆ ಬಂದದ್ದು ಬೇಸಿಗೆ ಬಲಿತ ಮೇಲೆ, ಒಂದು ದಿನ ಬೆಳಿಗ್ಗೆ. ಸೊರಗಿ ಅರ್ಧ ಆಗಿದ್ದರು. ಆಟೋದವರ ಕೈಯಲ್ಲಿ ಪಾತ್ರೆಗಳ ಚೀಲ ಇಡಿಸಿ, ಸ್ಟೂಲಿನ ಮೇಲೆ ಕೂತು ನೀರು ಕೇಳಿದರು. ನಾನು ಚೀಲದ ಕಡೆ ನೋಡಿ, "ಪಾತ್ರೆ ಏನಾದ್ರೂ ತೊಂದರೆ ಕೊಡ್ತಾ ಮಾಮಿ?" ಎಂದೆ.

"ಒಂದೂ ಕೊಡ್ಲಿಲ್ಲ. ಅದೇ ನೋಡಿ" ಎಂದರು. "ಒಂದಾದ್ರೂ ಆಗಲ್ಲ ಅನ್ನಬಾರದಿತ್ತೇನಮ್ಮ ನೀವು?"

ನಾನು ನೀರಿನ ಲೋಟ ಅವರ ಕೈಗಿತ್ತೆ.

"ಚಿಕ್ಕೋಳಿದ್ದಾಗಿಂದ ನನಗೆ ನೀರು ಕಂಡ್ರೆ ಭಯ. ಮರೀನಾಗೆ ಹೋದ್ರೂ ಮರಳಲ್ಲೇ ಕೂತಿರ್ತಿದ್ದೆ. ಯಾವಾಗ ಬರ್ತಾರೆ, ಯಾವಾಗ ಬರ್ತಾರೆ ಅಂತ ಕಾದೆ ಅವರಿಗೆ. ರಿಟೈರ್ ಆದ್ಮೇಲೆ ಮನೇಲಿರ್ತಾರೆ, ಬೆಳಿಗ್ಗೆ ಇಬ್ಬರೂ ಕೂತು ಕಾಫಿ ಕುಡೀಬಹುದು ಅಂತ. ಬಂದೋರು ನನ್ನೂ ಅಲ್ಲಿಗೇ ಕರೆದ್ರು. ಅಷ್ಟು ಆಸೆಯಿಂದ ಕರೆಯೋರಿಗೆ ಬರಲ್ಲ ಅಂತ ಬಾಯಿಬಿಟ್ಟು ಹೇಗೆ ಹೇಳೋದು? ನಮ್ಮಲ್ಲಿ ಯಾರು ಹಾಗೆ ಹೇಳ್ತಾರೆ? ಅಡುಗೆ ಆಗಲ್ಲ ಅಂತ ಹೇಳ್ತೀವಿ. ನೀವು ನಮ್ಮವರೇ ಅಲ್ವಾ, ನಿಮಗೆ ತಿಳಿಯುತ್ತೆ ಅಂದ್ಕೊಂಡೆ."

ತಿಳಿಯಬೇಕಿತ್ತು. ಹುಡುಗ ಮನಸ್ಸಿಗೆ ಬರದಿದ್ದರೆ ಜಾತಕ ಕೂಡಿಬರಲಿಲ್ಲ ಎಂದು ಹೇಳಿ ಕಳಿಸುವ ಮನೆತನ ನಮ್ಮದೂ ಹೌದು. ಆಗ ಯಾರೂ ಜೋಯಿಸರನ್ನು ಕರೆತಂದು ಜಾತಕ ಸರಿಮಾಡಿಸಲು ಕೂರುವುದಿಲ್ಲ. ಸರಿ ಎಂದು ಎದ್ದು ಹೋಗುತ್ತಾರೆ. ನಾನು ಒಂದೊಂದು ಗ್ರಹವನ್ನೂ ಹಿಡಿದು ತಂದು ಅದರದರ ಮನೆಯಲ್ಲಿ ಕೂರಿಸಿದ್ದೆ. ನನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಾಮಿಯ ಮೊಣಕಾಲ ಹತ್ತಿರ ನೆಲದ ಮೇಲೆ ಕೂತು ಅತ್ತುಬಿಟ್ಟೆ.

"ಅಳಬೇಡಿ, ಅಂಗಡಿಗೆ ಯಾರಾದ್ರೂ ಬರ್ತಾರೆ" ಎಂದು ಅವರೇ ನನ್ನ ತಲೆ ಮುಟ್ಟಿದರು. "ಅವರಿಗೆ ಇದೇನೂ ಗೊತ್ತಿಲ್ಲ. ಅಲೆ ಜಾಸ್ತಿ ಇತ್ತು, ಅದಕ್ಕೇ ಹೀಗಾಯ್ತು ಅಂದ್ಕೊಂಡಿದಾರೆ. ಹೇಳಬೇಡಿ ಅವರಿಗೆ. ನೊಂದ್ಕೋತಾರೆ. ಆದ್ರೆ ಮತ್ತೆ ಹೋಗೋಣ ಅಂತಿದಾರಮ್ಮ. ನಿಮ್ಮ ಹತ್ರ ಬಂದೇ ಬರ್ತಾರೆ."

ಬಂದರು. ಎರಡು ಮೂರು ದಿನ ಕಳೆದಿರಬೇಕು. ಅವರಿಗೂ ವಯಸ್ಸಾದಂತೆ ಕಾಣುತ್ತಿತ್ತು, ಆದರೆ ಮಾತಿನಲ್ಲಿ ಹಳೆಯ ಉತ್ಸಾಹವೇ ಇತ್ತು.

"ಅವಳು ಒಲೆ ಮುಂದೆ ನಿಂತಿದ್ದೇ ತಪ್ಪಾಯ್ತಮ್ಮ. ಆ ಹಬೆ, ಒಗ್ಗರಣೆ ವಾಸನೆ. ನಿಲ್ಲದೇನೇ ಬೇಯೋ ಅಂಥ ಪಾತ್ರೆ ಏನಾದ್ರೂ ಮಾಡ್ಕೊಡಿ. ಮುಂದಿನ ಪೊಂಗಲ್ ಹೊತ್ತಿಗೆ ಅವಳೂ ಸುಧಾರಿಸ್ಕೋತಾಳೆ. ಈಯಚೊಂಬಿಗೇ ದಾರಿ ಹುಡುಕಿದವರು ನೀವು, ಇದೆಷ್ಟರದ್ದು?"

ದಾರಿ ಇತ್ತು. ಒಂದು ಕುದಿ ಬರಿಸಿ, ಶಾಖ ಹಿಡಿದಿಡುವ ದಪ್ಪ ಗೋಡೆಯ ಡಬ್ಬಿಯೊಳಗಿಟ್ಟು ಮುಚ್ಚಿದರೆ ಅನ್ನ, ಬೇಳೆ ತಮ್ಮಷ್ಟಕ್ಕೆ ಬೇಯುತ್ತವೆ. ಒಲೆಯ ಮುಂದೆ ನಿಲ್ಲುವುದೇ ಬೇಡ. ಅಂಥದ್ದು ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು.

"ಆಗಲ್ಲ ಸಾರ್" ಎಂದೆ. "ದೋಣಿಯಲ್ಲಿ ಮಡಿ ಅಡುಗೆ ಆಗಲ್ಲ. ಆಗುತ್ತೆ ಅಂತ ನಾನು ಹೇಳಿದ್ದೇ ತಪ್ಪು."

ವಾದ ಮಾಡುತ್ತಾರೆ ಎಂದುಕೊಂಡು ಉತ್ತರಗಳನ್ನು ಕೂಡಿಸಿಟ್ಟುಕೊಂಡಿದ್ದೆ. ಅವರು ಏನೂ ಕೇಳಲಿಲ್ಲ. ಮುಖದ ಉತ್ಸಾಹ ಮಾತ್ರ ಕಣ್ಣೆದುರೇ ಇಳಿಯಿತು. ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು.

"ನೀವೇ ಆಗಲ್ಲ ಅಂದ್ರೆ ಆಗಲ್ಲ, ಬಿಡಿ" ಎಂದರು. "ಅವಳು ಪಾಪ ಮೊದಲಿಂದಲೂ ಅದನ್ನೇ ಹೇಳ್ತಿದ್ಲು." ಸ್ಟೂಲಿನಿಂದ ನಿಧಾನವಾಗಿ ಎದ್ದು ಮನೆಯ ಕಡೆ ಹೊರಟರು.